ದೂರ ನಿಲ್ಲುವವರೇ ಇಲ್ಲದ ಊರು

ಮಾಳಗುಡ್ಡದಲ್ಲಿ ಇಬ್ಬರು ಗೌಡರಿದ್ದರು. ಆ ಕಾಲಕ್ಕೆ ಯಲಬುರ್ಗಾ ಸೀಮೆಯ ಊರುಗಳಲ್ಲೆಲ್ಲ ಹಾಗೇ. ನಿಜಾಮ ಸರಕಾರ ಒಂದು ಊರನ್ನು ಒಬ್ಬನೇ ಮನುಷ್ಯನ ಕೈಗೆ ಒಪ್ಪಿಸುವಷ್ಟು ಭೋಳೆಯಾಗಿರಲಿಲ್ಲ. ಕಂದಾಯ ನೋಡುವವರು ಮಾಲಿ ಪಟೇಲ ಕರಿಬಸಪ್ಪಗೌಡರು. ಕಳ್ಳಕಾಕರನ್ನು ನೋಡುವವರು ಪೊಲೀಸ್ ಪಟೇಲ ಈಶಪ್ಪಗೌಡರು. ಇಬ್ಬರೂ ಒಳ್ಳೆಯವರೇ. ಇಬ್ಬರಲ್ಲಿ ದೊಡ್ಡವರು ಯಾರು ಎಂಬುದೊಂದನ್ನು ಬಿಟ್ಟು ಆ ಊರಿನಲ್ಲಿ ಯಾವ ವಿಷಯವನ್ನಾದರೂ ಧೈರ್ಯವಾಗಿ ಮಾತಾಡಬಹುದಿತ್ತು.

ಆ ಪ್ರಶ್ನೆ ತಲೆ ಎತ್ತದಂತೆ ಊರು ಬಹಳ ಜಾಗ್ರತೆ ವಹಿಸಿತ್ತು. ಮದುವೆಯಲ್ಲಿ ಎಲೆಯಡಿಕೆಯ ಎರಡು ತಟ್ಟೆಗಳನ್ನು ಎರಡು ಕೈಯಲ್ಲಿ ಹಿಡಿದು ಇಬ್ಬರ ಮುಂದೆಯೂ ಒಂದೇ ಸಲಕ್ಕೆ ಚಾಚಬೇಕು; ಅದಕ್ಕಾಗಿ ಉದ್ದ ಕೈಯ ಒಬ್ಬ ಮನುಷ್ಯನನ್ನೇ ಗೊತ್ತು ಮಾಡಿದ್ದರು. ಒಂದು ಮಳೆಗಾಲ ಚಾವಡಿ ಕಟ್ಟೆಯ ಕಲ್ಲು ಈಶಪ್ಪಗೌಡರ ಬದಿಗೆ ಎರಡು ಬೆರಳು ಕುಸಿಯಿತು. ಗೌಡರು ಎಂಟು ದಿನ ಕೂರಲೇ ಇಲ್ಲ, ನಿಂತುಕೊಂಡೇ ನ್ಯಾಯ ಹೇಳಿದರು. ಒಂಬತ್ತನೆಯ ದಿನ ಕಲ್ಲುಕುಟಿಗರು ಬಂದು ಕಲ್ಲು ಎತ್ತರಿಸಿದ ಮೇಲೆ ಊರಿಗೆ ಉಸಿರು ಬಂತು.

ಇಂಥ ಊರಿನಲ್ಲಿ ನಮ್ಮ ಉಮಾಪತಿ ಮಾಸ್ತರರು ಚಿತ್ರ ಬರೆಯುವುದನ್ನು ಕಲಿಸಲು ಹೊರಟರು.

ಅದು ಮೂವತ್ತೆಂಟನೆಯ ಇಸವಿ. ಮಾಸ್ತರರದು ಹಂಗಾಮಿ ನೌಕರಿ. ಮೂರು ವರ್ಷದಲ್ಲಿ ಹುಲಿಹೈದರದಿಂದ ಹಿಡಿದು ನಾಲ್ಕು ಊರು ತಿರುಗಿಯಾಗಿತ್ತು. ಅವರ ಹೆಂಡತಿ ಅನ್ನಮ್ಮ ಹೋದ ಊರಿನಲ್ಲೆಲ್ಲ ಹಿತ್ತಲಿಗೆ ಒಂದು ಹೀರೇಬಳ್ಳಿ ಹಾಕುವಳು. ಬಳ್ಳಿ ಹೂ ಬಿಡುವ ಹೊತ್ತಿಗೆ ಸರಿಯಾಗಿ ವರ್ಗದ ಕಾಗದ ಬರುವುದು. ನಾಲ್ಕು ಊರಿನ ಜನ ಆಕೆಯ ಹೀರೇಕಾಯಿ ತಿಂದಿದ್ದರು, ಆಕೆ ಮಾತ್ರ ಒಂದನ್ನೂ ತಿಂದಿರಲಿಲ್ಲ. ಮಾಳಗುಡ್ಡದಲ್ಲಿ ಐದನೆಯ ಬಳ್ಳಿ ಹಾಕುತ್ತ ಆಕೆ ಗಂಡನಿಗೆ ಹೇಳಿದಳು:

"ಈ ಸಲ ಈ ಬಳ್ಳಿ ಕಾಯಿ ನಾ ತಿಂದ ಈ ಊರು ಬಿಡಾಕಿ. ಅದರ ಮುಂಚೆ ಕಾಗದ ಬಂತಂದ್ರ ನೀವೊಬ್ಬರ ಹೋಗ್ರಿ."

ಅಷ್ಟರಲ್ಲೇ ಒಂದು ಸುತ್ತೋಲೆ ಬಂತು. ಶಾಲೆಗಳಲ್ಲಿ ಇನ್ನು ಮೇಲೆ ಚಿತ್ರಕಲೆಯ ಮೂಲಪಾಠಗಳನ್ನು ಕಲಿಸತಕ್ಕದ್ದು. ವಿದ್ಯೆ ಬಲ್ಲ ಮಾಸ್ತರರು ಅರ್ಜಿ ಹಾಕತಕ್ಕದ್ದು. ನಾಜರ ಸಾಹೇಬರು, ಅಂದರೆ ಶಾಲೆಗಳ ತಪಾಸಣೆಯ ಅಧಿಕಾರಿಗಳು, ಖುದ್ದು ಬಂದು ಪಾಠ ನೋಡಿ ಒಪ್ಪಿದರೆ ಅಂಥವರನ್ನು ಅದೇ ಊರಿನಲ್ಲಿ ಕಾಯಂ ಮಾಡಲಾಗುವುದು. ಮಾಸ್ತರರು ಹಿತ್ತಲಿನ ಬಳ್ಳಿಯನ್ನೊಮ್ಮೆ ನೋಡಿ, ಕೂತು, "ಕಿನ್ನಾಳದ ಚಿತ್ರಗಾರರ ಮನೆಯಲ್ಲಿದ್ದು ಕೈಯಾರೆ ಕೆಲಸ ಮಾಡಿದ್ದೇನೆ" ಎಂದು ಬರೆದು ಕಳಿಸಿಯೇಬಿಟ್ಟರು.

ಇದು ಸುಳ್ಳಲ್ಲ. ಹಿಂದೊಮ್ಮೆ ಗೆಳೆಯನ ಮದುವೆಗೆಂದು ಕಿನ್ನಾಳಕ್ಕೆ ಹೋದಾಗ ಅವರು ಎಂಟು ದಿನ ಚಿತ್ರಗಾರರ ಮನೆಯಲ್ಲಿ ಇಳಿದಿದ್ದರು. ಸುಮ್ಮನೆ ಕೂತವರ ಕೈಗೆ ಮನೆಯವರು ಒಂದು ಹುಟ್ಟು ಕೊಟ್ಟು, ಒಲೆಯ ಮೇಲಿನ ಹುಣಸೆಬೀಜದ ಅಂಟನ್ನು ತಿರುವಲು ಹೇಳಿದ್ದರು. ಆ ಅಂಟಿಲ್ಲದೆ ಕಿನ್ನಾಳದ ಬೊಂಬೆಯಿಲ್ಲ. ಅಂಟು ತಳ ಹತ್ತಿದ ಸಂಗತಿಯೊಂದು ಅರ್ಜಿಯಲ್ಲಿ ಬಿಟ್ಟುಹೋಗಿತ್ತು, ಅಷ್ಟೇ.

ಹದಿನೈದು ದಿನಕ್ಕೆ ಒಂದು ಉರ್ದು ಪುಸ್ತಕ ಬಂತು. ಅದರಲ್ಲಿ ಐದು ಪಾಠ: ಗೆರೆ, ಆಕಾರ, ಬಣ್ಣ, ನೆರಳು, ದೂರ. ಮಾಸ್ತರರು ಸಂಜೆ ಒಂದು ಪಾಠ ತಾವು ಓದಿಕೊಂಡು ಮರುದಿನ ಬೆಳಗ್ಗೆ ಅದನ್ನು ಹುಟ್ಟಿದಾಗಿನಿಂದ ಬಲ್ಲವರ ಹಾಗೆ ಕಲಿಸತೊಡಗಿದರು.

ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಕಲಿಸಿದರು. ಗೆರೆಯ ಪಾಠಕ್ಕೆ ಹುಡುಗರನ್ನು ಹನುಮಣ್ಣನ ಹೊಲಕ್ಕೆ ಕರೆದೊಯ್ದು ಕೂರಿಗೆಯ ಸಾಲು ತೋರಿಸಿದರು. ನಲವತ್ತು ಕಣ್ಣು ತನ್ನ ಸಾಲನ್ನೇ ನೋಡುವುದನ್ನು ಕಂಡ ಹನುಮಣ್ಣ ಜನ್ಮದಲ್ಲಿ ಮೊದಲ ಸಲ ಕೂರಿಗೆಯನ್ನು ನೆಟ್ಟಗೆ ಹೊಡೆದ. ಆಕಾರದ ಪಾಠಕ್ಕೆ ಶಾಲೆಯ ಪಕ್ಕದ ಮನೆಯ ಮುದುಕಿ ಹಂಪವ್ವ ತುಂಡುಬಟ್ಟೆ ಜೋಡಿಸಿ ಹೊಲಿಯುತ್ತಿದ್ದ ಕೌದಿ ಇತ್ತು. ಮುಕ್ಕೋನ, ಚೌಕ ಎಲ್ಲ ಅದರಲ್ಲೇ ಸಿಕ್ಕವು. ಬಣ್ಣದ ಪಾಠದಂದು ಊರಿನ ಮನೆಗಳಿಂದ ಅರಿಶಿನ, ಕಾಡಿಗೆ, ಕೆಮ್ಮಣ್ಣು, ಸುಣ್ಣ ಕಾಣೆಯಾದವು. ಅರಿಶಿನಕ್ಕೆ ಸುಣ್ಣ ಬೆರೆತಾಗ ಕೆಂಪಾದದ್ದನ್ನು ಕಂಡು ಮಾಸ್ತರರು "ಆಹಾ!" ಎಂದು ಎದ್ದು ನಿಂತರು. ಆರತಿ ಎತ್ತುವ ಮನೆಯಲ್ಲಿ ಹುಟ್ಟಿದ ಹುಡುಗರಿಗೆಲ್ಲ ಅದು ಗೊತ್ತಿತ್ತು. ಗೊತ್ತಿಲ್ಲದವರು ಆ ಊರಿನಲ್ಲಿ ಮಾಸ್ತರರೊಬ್ಬರೇ. ಆದರೂ ಹುಡುಗರು ಅವರ ಸಂತೋಷ ಕೆಡಿಸಬಾರದೆಂದು ತಾವೂ "ಆಹಾ!" ಎಂದರು.

ಕೆಟ್ಟದ್ದು ಐದನೆಯ ಪಾಠ. ಹತ್ತಿರದ್ದು ದೊಡ್ಡದಾಗಿ ಕಾಣುತ್ತದೆ, ದೂರದ್ದು ಸಣ್ಣದಾಗಿ ಕಾಣುತ್ತದೆ; ಕಂಡ ಹಾಗೆ ಬರೆಯಬೇಕು. ಮಾಸ್ತರರು ಇದನ್ನು ಇದ್ದಿಲಿನಿಂದ ಶಾಲೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಹುಡುಗರನ್ನು ಬಾಗಿಲ ಮುಂದೆ ಕೂಡಿಸಿ, "ಎದುರಿಗೆ ಕಂಡದ್ದು ಬರೀರಿ" ಎಂದರು. ಎದುರಿಗೆ ಗಾಳೆಮ್ಮನ ಎಮ್ಮೆ ಕಟ್ಟಿತ್ತು. ಅದರಾಚೆ ಚಾವಡಿ ಕಟ್ಟೆಯ ಮೇಲೆ ಈಶಪ್ಪಗೌಡರು ಕೂತಿದ್ದರು. ಬಹಳ ಆಚೆ, ಊರ ಹೊರಗಿನ ಬಾವಿಯ ಹತ್ತಿರ, ಕರಿಬಸಪ್ಪಗೌಡರು ಎತ್ತು ತೊಳೆಸುತ್ತ ನಿಂತಿದ್ದರು. ಬಂದ ಚಿತ್ರಗಳಲ್ಲಿ ಒಳ್ಳೆಯದೊಂದನ್ನು ಮಾಸ್ತರರು ಜಾಲಿಮುಳ್ಳಿನಿಂದ ಗೋಡೆಗೆ ಚುಚ್ಚಿದರು.

ಮೊದಲು ನೋಡಿದವಳು ಹಂಪವ್ವ.

"ಅಯ್ಯ ಶಿವನ! ಎಮ್ಮಿ ಹಾಳಿ ತುಂಬ ಐತಿ, ಈಶಪ್ಪಗೌಡ ಗೇಣುದ್ದ ಅದಾನ, ನಮ್ಮ ಕರಿಬಸಪ್ಪಗೌಡ ಹುಣಸೀಬೀಜದಷ್ಟ ಆಗ್ಯಾನಲ್ಲ!"

ಹಂಪವ್ವ ಕಂಡದ್ದನ್ನು ಊರು ಕಾಣಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಮಧ್ಯಾಹ್ನದ ಊಟ ಅರ್ಧಕ್ಕೆ ಬಿಟ್ಟು ಕರಿಬಸಪ್ಪಗೌಡರು ಶಾಲೆಗೆ ಬಂದು ಚಿತ್ರದ ಮುಂದೆ ನಿಂತರು.

"ಮಾಸ್ತರ, ಇದು ಯಾರು?"

"ತಾವ್ರಿ ಗೌಡ್ರ."

"ಇದು?"

"ಈಶಪ್ಪಗೌಡ್ರರಿ."

"ಮತ್ತ ಇದು?"

"ಗಾಳೆಮ್ಮನ ಎಮ್ಮಿರಿ."

ಗೌಡರು ಮೂವರನ್ನೂ ಇನ್ನೊಮ್ಮೆ ನೋಡಿದರು. "ಅಂದ್ರ ಈ ಊರಾಗ ಎಮ್ಮಿ ಮೊದಲ್ನೇದು, ಈಶಪ್ಪ ಎರಡ್ನೇದಂವ, ನಾ ಮೂರ್ನೇದಂವ. ಹಂಗೇನು?"

"ಹಂಗಲ್ರಿ, ತಾವು ದೂರ ಇದ್ರಿ."

"ದೂರ ಇದ್ರ ದೊಡ್ಡಸ್ತಿಕಿ ಕಮ್ಮಿ ಆಗತೈತೇನು? ನಿಜಾಮ ಸರಕಾರ ಹೈದರಾಬಾದದಾಗ ಐತಿ. ಅದೂ ಹುಣಸೀಬೀಜದಷ್ಟೇನು?"

ಈ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿರಲಿಲ್ಲ, ಇದ್ದಿದ್ದರೂ ಹೇಳಿ ಬದುಕುವ ಹಾಗಿರಲಿಲ್ಲ.

"ನಮ್ಮ ಪಡಸಾಲಿ ಗ್ವಾಡಿ ನೋಡಿಯಿಲ್ಲೋ?" ಎಂದರು ಗೌಡರು. "ನಿಮ್ಮ ಕಿನ್ನಾಳದವ್ರ ಬರದಾರ. ನಮ್ಮಜ್ಜ ಕುದುರಿ ಮ್ಯಾಲ ಕುಂತಾನ, ಕುದುರಿಗಿಂತ ಅಜ್ಜನ ಮೀಸಿ ದೊಡ್ಡದೈತಿ. ಕಾಲ ಹಿಡಕೊಂಡ ಆಳುಮಗ ನನ್ನ ಬಟ್ಟಿನಷ್ಟ ಅದಾನ. ದೊಡ್ಡವರ್ನ ದೊಡ್ಡದು, ಸಣ್ಣವರ್ನ ಸಣ್ಣದು. ಅದು ಚಿತ್ರ ಅಂದ್ರ! ನೀ ಅಲ್ಲಿ ಏನು ಕಲತಿ?"

ಅಂಟು ತಿರುವುವುದನ್ನು ಕಲಿತೆ ಎಂದು ಹೇಳುವ ಹೊತ್ತು ಅದಾಗಿರಲಿಲ್ಲ. ಮಾಸ್ತರರು ದಿಕ್ಕು ತೋಚದೆ ಬಾಗಿಲ ಹೊರಗೆ ನೋಡಿದರು. ದೈವ ದೊಡ್ಡದು, ಈಗ ಬಾವಿಯ ಹತ್ತಿರ ಈಶಪ್ಪಗೌಡರು ತಮ್ಮ ಎತ್ತು ತೊಳೆಸುತ್ತ ನಿಂತಿದ್ದರು.

"ಗೌಡ್ರ, ಒಂದು ಕಣ್ಣು ಮುಚ್ಚ್ರಿ. ಕೈ ಚಾಚ್ರಿ. ಹೆಬ್ಬೆಟ್ಟು ಎತ್ರಿ. ಈಗ ಬಾವಿ ಕಡೆ ನೋಡ್ರಿ."

ಗೌಡರು ನೋಡಿದರು. ಹೆಬ್ಬೆಟ್ಟಿನ ಹಿಂದೆ ಈಶಪ್ಪಗೌಡರು ಇಲ್ಲ! ಅವರ ಎತ್ತುಗಳೂ ಇಲ್ಲ. ಬೆಟ್ಟು ಸರಿಸಿದರೆ ಬಂದರು, ಮುಚ್ಚಿದರೆ ಹೋದರು. ಗೌಡರು ಇದನ್ನು ಹನ್ನೊಂದು ಸಲ ಮಾಡಿ ನೋಡಿದರು. ಅವರ ಮುಖದಲ್ಲಿ ಅಂಥ ಸುಖವನ್ನು ಊರಿನ ಯಾರೂ ಅದುವರೆಗೆ ಕಂಡಿರಲಿಲ್ಲ.

"ಮಾಸ್ತರ," ಎಂದರು ಮೆತ್ತಗೆ, "ಈ ವಿದ್ಯಾ ಭಾಳ ಛಲೋ ಐತಿ."

ಅಂದಿನಿಂದ ಗೌಡರಿಗೆ ಬೇರೆ ಕೆಲಸ ಬೇಡವಾಯಿತು. ಈಶಪ್ಪಗೌಡರು ಎಲ್ಲಿ ಕಂಡರೂ ಅಲ್ಲಿಂದಲೇ ಒಂದು ಕಣ್ಣು ಮುಚ್ಚಿ ಹೆಬ್ಬೆಟ್ಟು ಎತ್ತುವುದು. ನಮ್ಮ ಕಡೆ ಒಬ್ಬರತ್ತ ಹೆಬ್ಬೆಟ್ಟು ತೋರಿಸಿದರೆ "ಏನೂ ಸಿಗೂದಿಲ್ಲ, ಹೋಗು" ಎಂದು ಅರ್ಥ. ಒಂದು ಕಣ್ಣು ಮುಚ್ಚಿದರೆ ಏನರ್ಥವೆಂದು ನಾನು ಬರೆಯಬೇಕಾಗಿಲ್ಲ. ಎರಡನ್ನೂ ಕೂಡಿಸಿ ಮಾಡಿದವರು ಆ ಸೀಮೆಯಲ್ಲೇ ಯಾರೂ ಇರಲಿಲ್ಲ. ಮೂರನೆಯ ದಿನ ಈಶಪ್ಪಗೌಡರು ಹೆಂಡತಿ ಪಂಪಮ್ಮನನ್ನು ಚಕ್ಕಡಿಯಲ್ಲಿ ಕೂಡಿಸಿಕೊಂಡು ಬೇವೂರಿನಿಂದ ಬರುತ್ತಿದ್ದಾಗ ಆಕೆಗೂ ಈ ದರ್ಶನವಾಯಿತು.

"ಏನ್ರಿ, ಆ ಗೌಡ್ರು ನನಗ ಕಣ್ಣು ಹೊಡ್ಯಾಕತ್ತಾರಲ್ಲ!" ಎಂದಳು ಪಂಪಮ್ಮ.

"ನಿನಗಲ್ಲ, ನನಗ ಹೊಡ್ಯಾಕತ್ತಾನ. ಮೂರು ದಿನಾ ಆತು."

"ನಿಮಗ್ಯಾಕ ಹೊಡೀತಾರ?"

ಈಶಪ್ಪಗೌಡರು ಚಕ್ಕಡಿಯನ್ನು ನೇರ ಶಾಲೆಗೆ ಹೊಡೆದರು. ಮಾಸ್ತರರು ಎಲ್ಲವನ್ನೂ ವಿವರಿಸಿ, ಅವರಿಗೂ ಕಣ್ಣು ಮುಚ್ಚುವುದನ್ನು ಹೇಳಿಕೊಟ್ಟರು. ವಾರ ಕಳೆಯುವುದರೊಳಗೆ ಮಾಳಗುಡ್ಡದಲ್ಲಿ ಎರಡೂ ಕಣ್ಣು ತೆರೆದುಕೊಂಡು ನಡೆದಾಡುವವರೇ ಕಡಿಮೆಯಾದರು. ಗಂಡ ಹೆಂಡತಿಯನ್ನು, ಸೊಸೆ ಅತ್ತೆಯನ್ನು, ಕುರುಬ ಕುರಿಯನ್ನು ಬೆಟ್ಟಿನ ಹಿಂದೆ ಮುಚ್ಚಿ ನೋಡಿದರು. ಪರವೂರಿನಿಂದ ಕನ್ಯೆ ನೋಡಲು ಬಂದವರು ಊರ ಅಗಸಿಬಾಗಿಲಲ್ಲಿ ಇದನ್ನೆಲ್ಲ ಕಂಡು, ಚಕ್ಕಡಿ ಇಳಿಯದೆ ಹಿಂದಕ್ಕೆ ಹೋದರು.

ಆದರೆ ಈಶಪ್ಪಗೌಡರು ಪೊಲೀಸ್ ಪಟೇಲರು. ವಿಚಾರಣೆಯನ್ನು ಅರ್ಧಕ್ಕೆ ಬಿಡುವವರಲ್ಲ.

"ಮಾಸ್ತರ, ಹಾಳಿ ಮ್ಯಾಲ ದೊಡ್ಡದ ಕಾಣಬೇಕಂದ್ರ ಏನು ಮಾಡಬೇಕು?"

"ಬರಿಯೋರ ಹತ್ತರ ನಿಂದರಬೇಕ್ರಿ."

"ನಾಜರ ಸಾಹೇಬ್ರು ಬಂದ ದಿನ ಬರದ ಚಿತ್ರ ಎಲ್ಲಿಗೆ ಹೋಗತಾವು?"

ಮಾಸ್ತರರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸವೂ ಇರಲಿಲ್ಲ. "ಹೈದರಾಬಾದಕ್ಕ ಹೋಗತಾವ್ರಿ," ಎಂದುಬಿಟ್ಟರು.

ಆ ಒಂದು ಮಾತು ಸಂಜೆಯೊಳಗೆ ಮನೆಮನೆ ತಿರುಗಿತು.

ನಾಜರ ಮಕ್ಬುಲಸಾಬರು ಬಂದ ದಿನ ಹೀರೇಬಳ್ಳಿ ಹಳದಿ ಹೂ ಬಿಟ್ಟಿತ್ತು. ಅನ್ನಮ್ಮ ಅದನ್ನು ನೋಡಿ ಬಂದು, ಗಂಡನ ಅಂಗಿಯ ಗುಂಡಿ ತಾನೇ ಹಾಕಿ ಕಳಿಸಿದಳು. ಸಾಹೇಬರು ಗಂಗಾವತಿಯವರು, ಕನ್ನಡ ಬಲ್ಲವರು, ನಗುವುದು ಕಡಿಮೆ. ಕುರ್ಚಿಯಲ್ಲಿ ಕೂತು ಗೆರೆ ಕೇಳಿದರು, ಆಕಾರ ಕೇಳಿದರು, ಬಣ್ಣ ನೆರಳು ಕೇಳಿದರು. ಹುಡುಗರು ಪಟಪಟ ಹೇಳಿದರು.

"ಛಲೋ ಕಲಿಸೀರಿ," ಎಂದರು ಸಾಹೇಬರು. "ಇನ್ನ ದೂರದ ಪಾಠ. ಹೊರಗ ಕೂಡಸ್ರಿ, ಊರು ಹ್ಯಾಂಗ ಕಾಣತೈತಿ ಹಂಗ ಬರೀಲಿ."

ಹುಡುಗರು ಬಯಲಿನಲ್ಲಿ ಸಾಲಾಗಿ ಕೂತರು. ಬಯಲಿನಾಚೆ ಇಡೀ ಊರೇ ನೆರೆದಿತ್ತು. ಇಬ್ಬರು ಗೌಡರೂ ಕಪ್ಪು ಕೋಟು ತೊಟ್ಟು, ಹೊಸ ರುಮಾಲು ಸುತ್ತಿ, ಐವತ್ತು ಹೆಜ್ಜೆ ದೂರದಲ್ಲಿ ಗಂಭೀರವಾಗಿ ನಿಂತಿದ್ದರು. ಹುಡುಗರು ಸೀಸಕಡ್ಡಿ ಎತ್ತಿದರು. ಈಶಪ್ಪಗೌಡರು ಕೆಮ್ಮುವ ನೆಪದಲ್ಲಿ ಒಂದು ಹೆಜ್ಜೆ ಮುಂದೆ ಬಂದರು. ಕರಿಬಸಪ್ಪಗೌಡರು ಕೆಮ್ಮದೆಯೇ ಎರಡು ಹೆಜ್ಜೆ ಬಂದರು. ಈಶಪ್ಪಗೌಡರು ನಾಲ್ಕು ಬಂದರು. ಗೌಡರು ಮುಂದೆ ಹೋದ ಮೇಲೆ ಊರು ಹಿಂದೆ ನಿಂತೀತೇ? ಹನುಮಣ್ಣ ಬಂದ, ಪಂಪಮ್ಮ ಬಂದಳು, ಹಂಪವ್ವ ಕೌದಿಸಮೇತ ಬಂದಳು, ಗಾಳೆಮ್ಮ ಹಿಂದಿನ ಚಿತ್ರದಲ್ಲಿ ಸಿಕ್ಕ ಮರ್ಯಾದೆಯನ್ನು ಉಳಿಸಿಕೊಳ್ಳಲು ಎಮ್ಮೆಯನ್ನು ಹಿಡಿದುಕೊಂಡೇ ಬಂದಳು.

"ಹಿಂದ ಸರೀರೆಪ್ಪ! ಸ್ವಲ್ಪ ಹಿಂದ ಸರೀರಿ!" ಮಾಸ್ತರರು ಕೈ ಮುಗಿದರು.

"ಮೊದ್ಲ ಅವನಿಗೆ ಹೇಳು," ಎಂದರು ಕರಿಬಸಪ್ಪಗೌಡರು.

"ಮೊದ್ಲ ಅವನಿಗೆ ಹೇಳು," ಎಂದರು ಈಶಪ್ಪಗೌಡರು.

ಕಾಲು ಗಂಟೆಯಲ್ಲಿ ಇಬ್ಬರ ರುಮಾಲುಗಳೂ ಹುಡುಗರ ಹಾಳೆಯ ಮೇಲೆ ನೆರಳು ಚೆಲ್ಲಿದವು. ಸಾಹೇಬರು ಎದ್ದು ಬಂದು ಹಾಳೆಗಳನ್ನು ಒಂದೊಂದಾಗಿ ಎತ್ತಿದರು. ಮೊದಲನೆಯದರಲ್ಲಿ ಅರ್ಧ ಮೀಸೆ. ಎರಡನೆಯದರಲ್ಲಿ ಕೋಟಿನ ಒಂದು ಗುಂಡಿ, ತಟ್ಟೆಯಷ್ಟು. ಮೂರನೆಯದರಲ್ಲಿ ಮೂಗಿನ ಎರಡು ಹೊಳ್ಳೆ. ನಾಲ್ಕನೆಯ ಹಾಳೆ ಪೂರ್ತಿ ಕಪ್ಪು.

"ಇದು ಏನು?"

"ಗೌಡ್ರ ಕೋಟ್ರಿ. ಅಥವಾ ಎಮ್ಮಿರಿ. ಭಾಳ ಹತ್ತರ ಇತ್ರಿ," ಎಂದ ಹುಡುಗ.

ಸಾಹೇಬರ ಹುಬ್ಬು ಗಂಟಾಯಿತು. "ಮಾಸ್ತರ, ಐದನೇ ಪಾಠ ಆಗಿಲ್ಲ. ಇದರಾಗ ದೂರ ಎಲ್ಲೈತಿ?"

"ಸಾಹೇಬ್ರ," ಎಂದರು ಮಾಸ್ತರರು, "ಈ ಊರಾಗ ದೂರ ನಿಲ್ಲೋರು ಯಾರೂ ಇಲ್ರಿ!"

"ಇಲ್ಲಂದ್ರ ಪಾಠನೂ ಇಲ್ಲ. ಹಂಗ ಬರಕೋತೀನಿ."

ಸಾಹೇಬರು ಜೇಬಿನಿಂದ ಪೆನ್ನು ತೆಗೆದರು. ಮಾಸ್ತರರ ಕಣ್ಣ ಮುಂದೆ ಹಳದಿ ಹೂ ಬಂತು, ಅಂಗಿಯ ಗುಂಡಿ ಹಾಕಿದ ಕೈ ಬಂತು. ಅವರಿಗೆ ಅಳು ಬಂತು, ಆಮೇಲೆ ಒಂದು ವಿಚಾರ ಬಂತು. ಯಾರೂ ದೂರ ನಿಲ್ಲದಿದ್ದರೆ ತಾವೇ ನಿಂತರಾಯಿತು! ಹೇಳಲು ಹೊತ್ತಿಲ್ಲ, ಪೆನ್ನಿನ ಮುಚ್ಚಳ ತೆಗೆದಾಗಿದೆ. ಮಾಸ್ತರರು ಧೋತರ ಎತ್ತಿ ಕಟ್ಟಿ, ಬಾವಿಯ ದಿಕ್ಕಿಗೆ ಓಟ ಕಿತ್ತರು.

"ಅಯ್ಯಯ್ಯೋ! ಮಾಸ್ತರ ಬಾವಿಗೆ ಹಾರಾಕ ಹೊಂಟಾನ!" ಹಂಪವ್ವನ ಕೂಗಿಗೆ ಎಮ್ಮೆ ಕೂಡ ಬೆದರಿತು.

ಬಾವಿ ಕೆಟ್ಟರೆ ಮಾಲಿ ಪಟೇಲರಿಗೆ ತೊಂದರೆ. ಹೆಣ ಬಿದ್ದರೆ ಪೊಲೀಸ್ ಪಟೇಲರಿಗೆ ಪಂಚನಾಮೆಯ ಕೆಲಸ. ಅದೆಲ್ಲ ಆಮೇಲೆ ಜನ ಆಡಿಕೊಂಡದ್ದು. ನಾನು ಬಲ್ಲ ಹಾಗೆ, ಆ ಗಳಿಗೆಯಲ್ಲಿ ಇಬ್ಬರಿಗೂ ಹೊಳೆದದ್ದು ಒಂದೇ: ನಮ್ಮ ಹುಡುಗರಿಗೆ ಅಕ್ಷರ ಹೇಳುವ ಬಡಪಾಯಿ ಸಾಯಬಾರದು. ಇಬ್ಬರೂ ಕೋಟು ಹಾರಿಸುತ್ತ ಓಡಿದರು. ಅವರ ಹಿಂದೆ ಇಡೀ ಊರು ಓಡಿತು. ಬಾವಿಯ ಕಟ್ಟೆಯ ಹತ್ತಿರ ತಿರುಗಿ ನಿಂತು "ನನ್ನ ಬರೀರೋ!" ಎಂದು ಮಾಸ್ತರರು ಕೈ ಎತ್ತುವುದಕ್ಕೂ ಒಂದೊಂದು ತೋಳನ್ನು ಒಬ್ಬೊಬ್ಬ ಗೌಡರು ಹಿಡಿಯುವುದಕ್ಕೂ ಸರಿಹೋಯಿತು.

"ಬಿಡ್ರಿ ಗೌಡ್ರ! ನಾ ಸಣ್ಣವ ಆಗಾಕ ಬಂದೀನ್ರಿ!"

"ಅಯ್ಯ, ತಲಿ ಕೆಟ್ಟೈತಿ, ಗಟ್ಟಿ ಹಿಡಿಯೋ ಈಶಪ್ಪ!"

"ಹಿಡದೀನೋ ಕರಿಬಸಪ್ಪ! ನೀ ಆ ಕಡೆ ಬಿಡಬ್ಯಾಡ! ಮಾಸ್ತರ, ಹೈದರಾಬಾದ ಹಾಳಾಗಿ ಹೋಗಲಿ, ನಾವು ಹುಣಸೀಬೀಜದಷ್ಟ ಇದ್ರೂ ನಡೀತೈತಿ, ನೀ ಸಾಯಬ್ಯಾಡ!"

ಇಬ್ಬರೂ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆದದ್ದು ಇಪ್ಪತ್ತು ವರ್ಷದಲ್ಲಿ ಅದೇ ಮೊದಲು.

ಇತ್ತ ಬಯಲಿನಲ್ಲಿ ಹುಡುಗರ ಮುಂದೆ ಅಡ್ಡ ನಿಂತವರು ಈಗ ಯಾರೂ ಇರಲಿಲ್ಲ. ಹತ್ತಿರದಲ್ಲಿ ಗಾಳೆಮ್ಮ ಬಿಟ್ಟು ಓಡಿದ ಎಮ್ಮೆ, ಆಚೆ ಖಾಲಿ ಚಾವಡಿ, ಅದರಾಚೆ ಬಾವಿ, ಬಾವಿಯ ಹತ್ತಿರ ಮೂರು ಸಣ್ಣ ಮನುಷ್ಯರು, ಸುತ್ತ ಇರುವೆಸಾಲಿನಷ್ಟು ಊರು. ಹೇಳಿಕೊಟ್ಟವರು ಯಾರೂ ಇಲ್ಲದೆ ಹುಡುಗರು ಹೊಸ ಹಾಳೆ ತೆಗೆದು ಕಂಡ ಹಾಗೆ ಬರೆದರು. ಸಾಹೇಬರು ಒಂದು ಹಾಳೆ ಎತ್ತಿ ನೋಡಿದರು, ಬಾವಿಯ ಕಡೆ ನೋಡಿದರು. ಆಮೇಲೆ ಒಂದು ಕಣ್ಣು ಮುಚ್ಚಿ, ಕೈ ಚಾಚಿ, ಹೆಬ್ಬೆಟ್ಟು ಎತ್ತಿ ಇಬ್ಬರು ಗೌಡರನ್ನೂ ಅಳೆದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ, ಇಬ್ಬರೂ ಒಂದೇ. ನಗುವುದೇ ಅಪರೂಪವಾಗಿದ್ದ ಮಕ್ಬುಲಸಾಬರು ಅಂದು ಕುರ್ಚಿ ಹಿಡಿದುಕೊಂಡು ನಕ್ಕರು.

ಒಂದು ತಿಂಗಳಿಗೆ ಕಾಗದ ಬಂತು. ಅನ್ನಮ್ಮ ಬಾಗಿಲಲ್ಲಿ ಬೆನ್ನು ಮಾಡಿ ನಿಂತಳು. ಮಾಸ್ತರರು ಓದಿದರು: "ಈ ಮಾಸ್ತರರು ದೂರವನ್ನು ಕಲಿಸಲು ಪ್ರಾಣದ ಹಂಗು ತೊರೆದು ಓಡುವಂಥವರು. ಇವರನ್ನು ಮಾಳಗುಡ್ಡದಲ್ಲೇ ಕಾಯಂ ಮಾಡಲಾಗಿದೆ." ಅನ್ನಮ್ಮ ಹಿತ್ತಲಿಗೆ ಹೋಗಿ ಮೂರು ಹೀರೇಕಾಯಿ ಕೊಯ್ದು ತಂದಳು.

"ಮೊದಲ ಕಾಯಿ. ಇಬ್ಬರು ಗೌಡರ ಮನಿಗೂ ಕೊಡಬೇಕ್ರಿ. ನಿಮ್ಮ ಜೀಂವಾ ಉಳಿಸ್ಯಾರ."

ಮಾಸ್ತರರು ದೊಡ್ಡ ಕಾಯಿಗಳೆರಡನ್ನು ಪಕ್ಕಪಕ್ಕಕ್ಕೆ ಇಟ್ಟು ನೋಡಿದರು. ಒಂದು ಇನ್ನೊಂದಕ್ಕಿಂತ ನಾಲ್ಕು ಬೆರಳು ಉದ್ದ! ಊರಿನಲ್ಲಿ ಶಾಂತಿ ಬಂದು ತಿಂಗಳಾಗಿತ್ತಷ್ಟೇ. ಅವರು ಎದ್ದು ನಿಂತು ಹೇಳಿದರು:

"ಉದ್ದಂದು ದೂರದ ಮನಿಗೆ ಕೊಡು, ಗಿಡ್ಡಂದು ಹತ್ತರದ ಮನಿಗೆ ಕೊಡು. ನಮ್ಮ ಬಾಗಿಲದಾಗ ನಿಂತು ನೋಡಿದ್ರ ಎರಡೂ ಒಂದ."

"ಅವ್ರು ನಮ್ಮ ಬಾಗಿಲದಾಗ ನಿಂತು ನೋಡತಾರೇನ್ರಿ?"

ಇದನ್ನು ಮಾಸ್ತರರು ಯೋಚಿಸಿರಲಿಲ್ಲ. ಅನ್ನಮ್ಮ ನಕ್ಕು, ಈಳಿಗೆಮಣೆ ತಂದು, ಉದ್ದದ ಕಾಯಿಯ ನಾಲ್ಕು ಬೆರಳನ್ನು ಕೊಯ್ದು ಎರಡನ್ನೂ ಸರಿಮಾಡಿದಳು. ಮೂರನೆಯದು ಎಲ್ಲಕ್ಕಿಂತ ಸಣ್ಣದಿತ್ತು. ಅದಕ್ಕೆ ಆ ನಾಲ್ಕು ಬೆರಳನ್ನೂ ಸೇರಿಸಿ ಪಲ್ಯ ಮಾಡಿ, ರೊಟ್ಟಿಯ ಜೊತೆ ಗಂಡನ ಮುಂದಿಟ್ಟು, ತಾನೂ ತಟ್ಟೆ ತಂದು ಪಕ್ಕದಲ್ಲೇ ಕೂತಳು. ನಾಲ್ಕು ಊರಿನ ಹಸಿವು ಅದು.

"ಕಾಯಿ ಭಾಳ ಸಣ್ಣದು ಉಳೀತಲ್ಲ," ಎಂದರು ಮಾಸ್ತರರು ಸಂಕೋಚದಿಂದ.

ಅನ್ನಮ್ಮ ಮೊದಲ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು, ಎರಡೂ ಕಣ್ಣು.

"ಸುಮ್ಮನ ತಿನ್ರಿ," ಎಂದಳು. "ಹತ್ತರ ಐತಿ. ದೊಡ್ಡದ ಕಾಣತೈತಿ."